ನಿನ್ನೆ ಹೋಮ್ ರನ್ ಹೊಡೆದವನು ಇವತ್ತು ಬೆಂಚಿನಲ್ಲಿ ಯಾಕೆ?

ಹೋದ ತಿಂಗಳು ಬೇಸ್‌ಬಾಲ್ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಕಬಡ್ಡಿ ಮತ್ತು ವಾಲಿಬಾಲ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಕಳಿಸಿದವರು ಬೇಸರ ಮಾಡಿಕೊಳ್ಳಬೇಡಿ. ಈ ಸಲದ ನಾಲ್ಕೂ ಪತ್ರ ಒಂದೇ ವಿಷಯದವು. ಔಟ್‌ಫೀಲ್ಡಿನ, ಅಂದರೆ ಮೈದಾನದ ಹಿಂಭಾಗದ, ಒಂದೇ ಜಾಗವನ್ನು ಇಬ್ಬರು ಹಂಚಿಕೊಂಡು ಆಡುವ ಪದ್ಧತಿ ಇದೆಯಲ್ಲ, ಅದರದ್ದು. ನನಗೆ ಇದು ಹಳೆಯ ಪ್ರೀತಿಯ ವಿಷಯ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮೊಬೈಲಿನಲ್ಲಿ ಅಮೆರಿಕದ ಬೇಸ್‌ಬಾಲ್ ನೋಡುತ್ತೇನೆ. ನನಗೆ ಇಷ್ಟವಾದ ಲೆಫ್ಟ್ ಫೀಲ್ಡರ್ ಒಬ್ಬ, ಎಡಗೈ ಬ್ಯಾಟರ್, ಮೊನ್ನೆ ಹೋಮ್ ರನ್ ಹೊಡೆದ. ಮರುದಿನ ಹನ್ನೊಂದರಲ್ಲಿ ಅವನ ಹೆಸರೇ ಇಲ್ಲ! ಗಾಯವೂ ಆಗಿಲ್ಲವಂತೆ. ಇದು ಯಾವ ನ್ಯಾಯ?
– ಓದುಗ, ಕೋಟ

ಹನ್ನೊಂದಲ್ಲ ಮಾರಾಯ್ರೆ, ಬೇಸ್‌ಬಾಲಿನಲ್ಲಿ ಮೈದಾನಕ್ಕೆ ಇಳಿಯುವುದು ಒಂಬತ್ತು ಜನ. ಹೋಮ್ ರನ್ ಅಂದರೆ ನಮ್ಮ ಸಿಕ್ಸರಿನ ಹಾಗೆ ಚೆಂಡನ್ನು ಬೇಲಿಯ ಆಚೆ ಹೊಡೆಯುವುದು. ನಿಮ್ಮ ಪ್ರಶ್ನೆ ಮಾತ್ರ ಸರಿಯಾದದ್ದೇ.

ಎದುರಿನ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವನು, ಯಾವ ಕೈಯವನು ಅಂತ ನೋಡಿದಿರಾ? ನಿಮ್ಮ ಆಟಗಾರ ಎಡಗೈ ಬ್ಯಾಟರ್ ಅಂತ ಬರೆದಿದ್ದೀರಿ. ಹಾಗಾದರೆ ಮೊದಲ ದಿನ ಬಲಗೈ ಪಿಚರ್ ಇದ್ದಿರಬೇಕು, ಮರುದಿನ ಎಡಗೈಯವನು. ಯಾರು ಎಸೆಯುತ್ತಾರೆ ಅಂತ ಸಾಮಾನ್ಯವಾಗಿ ಮುಂಚೆಯೇ ಗೊತ್ತಿರುತ್ತದೆ. ಮ್ಯಾನೇಜರ್ ಅದನ್ನು ನೋಡಿಯೇ ಪಟ್ಟಿ ಬರೆಯುತ್ತಾನೆ. ಎಡಗೈ ಪಿಚರ್ ಬಂದ ದಿನ ಅದೇ ಜಾಗಕ್ಕೆ ಬಲಗೈ ಬ್ಯಾಟರ್ ಒಬ್ಬನನ್ನು ಇಳಿಸುತ್ತಾನೆ. ಹೀಗೆ ಒಂದೇ ಜಾಗಕ್ಕೆ ಇಬ್ಬರು. ಇದಕ್ಕೆ ಅವರು ಪ್ಲಟೂನ್ ಅನ್ನುತ್ತಾರೆ.

ಕಾರಣ ಕ್ರಿಕೆಟ್ ಆಡಿದವರಿಗೆಲ್ಲ ಗೊತ್ತು. ಎಡಗೈ ಬ್ಯಾಟ್ಸ್‌ಮನ್ ಕ್ರೀಸಿಗೆ ಬಂದ ಕೂಡಲೇ ನಾಯಕ ಆಫ್ ಸ್ಪಿನ್ನರ್ ಕೈಗೆ ಚೆಂಡು ಕೊಡುವುದು ಯಾಕೆ? ಹೊರಕ್ಕೆ ಹೋಗುವ ಚೆಂಡನ್ನು ಹೊಡೆಯುವುದು ಕಷ್ಟ ಅಂತ. ಬೇಸ್‌ಬಾಲಿನಲ್ಲೂ ಅಷ್ಟೇ. ಎಡಗೈ ಪಿಚರ್ ಹಾಕುವ ಸ್ಲೈಡರ್, ಕರ್ವ್ ಎಂಬ ತಿರುಗುವ ಎಸೆತಗಳೆಲ್ಲ ಎಡಗೈ ಬ್ಯಾಟರ್‌ನಿಂದ ದೂರ ಹೋಗುತ್ತವೆ. ಅದೂ ಅಲ್ಲದೆ ಅವನ ಕೈಯಿಂದ ಚೆಂಡು ಹೊರಡುವಾಗ ಬ್ಯಾಟರ್‌ಗೆ ತನ್ನ ಬೆನ್ನ ಹಿಂದಿನಿಂದ ಬಂದ ಹಾಗೆ ಕಾಣುತ್ತದೆ. ಪಿಚರ್ ನಿಲ್ಲುವ ಪಟ್ಟಿಗೂ ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿಗೂ ಇರುವುದು 18.44 ಮೀಟರ್. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಅರ್ಧ ಸೆಕೆಂಡಿಗೂ ಮೊದಲೇ ಬಂದು ಮುಟ್ಟುತ್ತದೆ. ಅಷ್ಟರಲ್ಲಿ ಒಂದು ಕ್ಷಣ ತಡವಾಗಿ ಕಂಡರೂ ಮುಗಿಯಿತು. ಅದೇ ಬಲಗೈ ಪಿಚರ್ ಆದರೆ ಚೆಂಡು ಮೊದಲಿನಿಂದಲೇ ಎಡಗೈ ಬ್ಯಾಟರ್‌ನ ಕಣ್ಣೆದುರು ಇರುತ್ತದೆ, ತಿರುಗಿದರೂ ಅವನ ಕಡೆಗೇ ತಿರುಗುತ್ತದೆ.

ಹಾಗಾಗಿ ಅದು ಶಿಕ್ಷೆ ಅಲ್ಲ. ನಾಳೆಯೋ ನಾಡಿದ್ದೋ ಬಲಗೈಯವನು ಬಂದಾಗ ನಿಮ್ಮ ಹುಡುಗ ಮತ್ತೆ ಇರುತ್ತಾನೆ. ನಾಲ್ಕೂವರೆಗೆ ಏಳುವ ಮೊದಲು ಪಿಚರ್ ಯಾರು ಅಂತ ರಾತ್ರಿಯೇ ನೋಡಿಕೊಂಡು ಮಲಗಿ.

ಈ ಪದ್ಧತಿ ಕಂಪ್ಯೂಟರ್ ಬಂದ ಮೇಲಿನದ್ದಾ? ಹಿಂದೆ ಹೀಗಿರಲಿಲ್ಲ ಅಲ್ವಾ?
– ಪಿಯುಸಿ ವಿದ್ಯಾರ್ಥಿ, ಮೂಡುಬಿದಿರೆ

ಇಲ್ಲ ಮಗಾ, ನೂರು ವರ್ಷಕ್ಕಿಂತ ಹಳೆಯದು. 1914ರಲ್ಲಿ ಬೋಸ್ಟನ್ ಬ್ರೇವ್ಸ್ ತಂಡ ಜುಲೈಯಲ್ಲಿ ಕೊನೆಯ ಸ್ಥಾನದಲ್ಲಿತ್ತು. ಮ್ಯಾನೇಜರ್ ಜಾರ್ಜ್ ಸ್ಟಾಲಿಂಗ್ಸ್ ಔಟ್‌ಫೀಲ್ಡರುಗಳನ್ನು ಪಿಚರ್ ನೋಡಿ ಬದಲಾಯಿಸುತ್ತಾ ಹೋದ. ಆ ವರ್ಷ ಅವರೇ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ವರ್ಷದ ಕೊನೆಯ ಫೈನಲ್ ಸರಣಿ, ಗೆದ್ದರು.

ನನಗೆ ಜಾಸ್ತಿ ಇಷ್ಟ ಕೇಸಿ ಸ್ಟೆಂಗೆಲ್ ಕಥೆ. ಅವನು ಔಟ್‌ಫೀಲ್ಡರ್, ಎಡಗೈ ಬ್ಯಾಟರ್. ನ್ಯೂಯಾರ್ಕ್ ಜಯಂಟ್ಸ್ ತಂಡದಲ್ಲಿ ಮ್ಯಾನೇಜರ್ ಜಾನ್ ಮೆಗ್ರಾ ಅವನನ್ನು ಹೀಗೇ ಅರ್ಧರ್ಧ ಆಡಿಸಿದ. 1923ರ ವರ್ಲ್ಡ್ ಸೀರೀಸಿನಲ್ಲಿ ಅವನು ಎರಡು ಹೋಮ್ ರನ್ ಹೊಡೆದು ಎರಡು ಪಂದ್ಯ ಗೆಲ್ಲಿಸಿದ. ಆದರೂ ಮರುತಿಂಗಳೇ ಅವನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಅದೇ ಸ್ಟೆಂಗೆಲ್ 1949ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಮ್ಯಾನೇಜರ್ ಆದ. ಬಲಗೈಯ ಹ್ಯಾಂಕ್ ಬಾಯರ್, ಎಡಗೈಯ ಜೀನ್ ವುಡ್ಲಿಂಗ್, ಇಬ್ಬರನ್ನೂ ತನ್ನನ್ನು ಆಡಿಸಿದ ಹಾಗೆಯೇ ಆಡಿಸಿದ. ಇಬ್ಬರಿಗೂ ಅದು ಇಷ್ಟವಿರಲಿಲ್ಲ. ಆದರೆ 1949ರಿಂದ 1953ರವರೆಗೆ ಐದು ವರ್ಷ ಸತತವಾಗಿ ಯಾಂಕೀಸ್ ವರ್ಲ್ಡ್ ಸೀರೀಸ್ ಗೆದ್ದಿತು. ಅಷ್ಟೂ ವರ್ಷ ಇಬ್ಬರೂ ತಂಡದಲ್ಲಿದ್ದರು.

ನನ್ನ ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಹೋದವಳು. ಅವಳ ಮಗ ಅಲ್ಲೇ ಹುಟ್ಟಿ ಬೆಳೆದು ಬೇಸ್‌ಬಾಲ್ ಆಟಗಾರನಾಗಿದ್ದಾನೆ. ಈಗ 26 ವರ್ಷ. ಔಟ್‌ಫೀಲ್ಡರ್, ಎಡಗೈ ಬ್ಯಾಟರ್. ಅಲ್ಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗಿನ ಕೆಳಗಿನ ಟ್ರಿಪಲ್ ಎ ಎಂಬ ಹಂತದಲ್ಲಿ ಇದ್ದಾನಂತೆ. ಬಲಗೈಯವರು ಎಸೆಯುವ ದಿನ ಮಾತ್ರ ಆಡಿಸುತ್ತಾರೆ. "ಅರ್ಧ ದಿನ ಕೂತಿರುವುದು ಒಂದು ಕೆಲಸವಾ? ವಯಸ್ಸು ಹೋಗುವ ಮೊದಲು ಬಿಟ್ಟು ಬೇರೆ ನೌಕರಿ ಹಿಡಿಯಲಿ" ಅಂತ ಭಾವ ಹೇಳುತ್ತಾರೆ. ಹುಡುಗ ಯಾರ ಹತ್ತಿರವೂ ಮಾತಾಡುತ್ತಿಲ್ಲ. ಈ ಮೇ ತಿಂಗಳಲ್ಲಿ ಅಕ್ಕ ಬಂದಾಗ ಅವಳಿಗೆ ಏನು ಹೇಳಲಿ?
– ಒಬ್ಬ ಚಿಕ್ಕಮ್ಮ, ಕಲ್ಯಾಣಪುರ

ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಾನು ಈ ಆಟವನ್ನು ಕಲಿತದ್ದೇ ನಿಮ್ಮ ಅಕ್ಕನ ಮಗನಂಥ ಒಬ್ಬನನ್ನು ನೋಡಿ. ಅದನ್ನೇ ಮೊದಲು ಹೇಳುತ್ತೇನೆ.

1982ರಲ್ಲಿ ನನಗೆ 24 ವರ್ಷ. ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ. ಆ ಸೆಪ್ಟೆಂಬರಿನಲ್ಲಿ ನಮ್ಮ ಹಡಗು ರಿಪೇರಿಗೆ ಅಂತ ಬಾಲ್ಟಿಮೋರ್ ಬಂದರಿನಲ್ಲಿ ಐದು ವಾರ ನಿಂತಿತು. ರಿಪೇರಿಗೆ ಬರುತ್ತಿದ್ದ ಒಬ್ಬ ವಯಸ್ಸಾದ ವೆಲ್ಡರ್ ನನ್ನನ್ನು ಸಂಜೆ ಹೊತ್ತು ಮೆಮೋರಿಯಲ್ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದ. ಅವನ ಕೈಯಲ್ಲಿ ಯಾವಾಗಲೂ ಒಂದು ಸ್ಕೋರ್ ಕಾರ್ಡ್, ಒಂದು ತುಂಡು ಪೆನ್ಸಿಲ್. ಒಂದೊಂದು ಎಸೆತಕ್ಕೂ ಗುರುತು ಹಾಕುತ್ತಿದ್ದ. ನನಗೂ ಹಾಕಲು ಕಲಿಸಿದ.

ಬಾಲ್ಟಿಮೋರಿನ ಓರಿಯೋಲ್ಸ್ ತಂಡದ ಲೆಫ್ಟ್ ಫೀಲ್ಡಿನಲ್ಲಿ ಒಂದು ದಿನ ಜಾನ್ ಲೋವೆನ್‌ಸ್ಟೈನ್ ಇರುತ್ತಿದ್ದ, ಇನ್ನೊಂದು ದಿನ ಗ್ಯಾರಿ ರೆನಿಕಿ. ಕೆಲವು ದಿನ ಇಬ್ಬರೂ ಬೇರೆ ಬೇರೆ ಜಾಗದಲ್ಲಿ ಒಟ್ಟಿಗೇ ಆಡಿದ್ದೂ ಉಂಟು. ಲೋವೆನ್‌ಸ್ಟೈನ್ ಎಡಗೈ ಬ್ಯಾಟರ್. ಮ್ಯಾನೇಜರ್ ಅರ್ಲ್ ವೀವರ್ ಹತ್ತಿರ ಸಣ್ಣ ಸಣ್ಣ ಕಾರ್ಡುಗಳಿದ್ದವು. ಯಾವ ಬ್ಯಾಟರ್ ಯಾವ ಪಿಚರ್ ಎದುರು ಎಷ್ಟು ಹೊಡೆದಿದ್ದಾನೆ ಅಂತ ಅದರಲ್ಲಿ ಬರೆದಿರುತ್ತಿತ್ತು. ಆ ವರ್ಷ ಲೋವೆನ್‌ಸ್ಟೈನ್ 24 ಹೋಮ್ ರನ್ ಹೊಡೆದ, ಸರಾಸರಿ .320, ಅಂದರೆ ಸಾವಿರಕ್ಕೆ 320 ಹಿಟ್ (ಹೊಡೆದು ಸುರಕ್ಷಿತವಾಗಿ ಬೇಸ್ ಮುಟ್ಟುವುದು) ಲೆಕ್ಕ. ರೆನಿಕಿ 21 ಹೊಡೆದ. ಇಬ್ಬರದೂ ಸೇರಿ 45. ಒಬ್ಬನೇ ಆಟಗಾರ ವರ್ಷಕ್ಕೆ 45 ಹೋಮ್ ರನ್ ಹೊಡೆದರೆ ಅವನನ್ನು ದೊಡ್ಡ ನಕ್ಷತ್ರ ಅಂತ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ.

ಈಗ ನಿಮ್ಮ ಭಾವನಿಗೆ ಹೇಳಬೇಕಾದದ್ದು ಇದು. ಆ ವರ್ಷ ಲೋವೆನ್‌ಸ್ಟೈನ್‌ಗೆ 35. ಕ್ಲೀವ್‌ಲ್ಯಾಂಡಿನಲ್ಲಿ, ಟೆಕ್ಸಾಸಿನಲ್ಲಿ ವರ್ಷಗಟ್ಟಲೆ ಒಮ್ಮೆ ಒಳಗೆ, ಒಮ್ಮೆ ಹೊರಗೆ. 31ನೇ ವಯಸ್ಸಿನಲ್ಲಿ ಹಳೆಯ ತಂಡ ಬೇಡ ಅಂತ ಬಿಟ್ಟಾಗ ಬಾಲ್ಟಿಮೋರ್ ಎತ್ತಿಕೊಂಡಿತು. ಮರುವರ್ಷ, 1979ರಲ್ಲಿ, ಪ್ಲೇಆಫಿನ ಮೊದಲ ಪಂದ್ಯದ ಹತ್ತನೇ ಇನ್ನಿಂಗ್ಸಿನಲ್ಲಿ (ಸಾಮಾನ್ಯವಾಗಿ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್) ಬೆಂಚಿನಿಂದ ಎದ್ದು ಬಂದು ಹೋಮ್ ರನ್ ಹೊಡೆದು ಪಂದ್ಯ ಗೆಲ್ಲಿಸಿದ. ಮೇಜರ್ ಲೀಗಿನಲ್ಲಿ ಅವನು ಒಟ್ಟು 16 ವರ್ಷ ಇದ್ದ. ಹೆಚ್ಚಿನ ವರ್ಷಗಳಲ್ಲಿ ಅವನು ದಿನಾ ಆಡುವ ಆಟಗಾರ ಆಗಿರಲಿಲ್ಲ. ದಿನಾ ಆಡುವ ಎಷ್ಟೋ ಜನರಿಗೆ 16 ವರ್ಷ ಸಿಗುವುದಿಲ್ಲ.

ನನ್ನ ಸೋದರಮಾವ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ ಮಾಡುತ್ತಿದ್ದರು. ಕೆಲವು ಪ್ರಸಂಗಗಳಲ್ಲಿ ಅವರ ಪ್ರವೇಶ ಬೆಳಗಿನ ಜಾವ ಮೂರು ಗಂಟೆಗೆ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ ಇಡುತ್ತಿದ್ದರು. ರಂಗಸ್ಥಳದಲ್ಲಿ ಇರುತ್ತಿದ್ದದ್ದು ಅರ್ಧ ಗಂಟೆಯೋ, ಮುಕ್ಕಾಲು ಗಂಟೆಯೋ. ಅವರು ಕೆಲಸ ಇಲ್ಲದೆ ಕೂತಿದ್ದಾರೆ ಅಂತ ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. ಭಾವನೂ ಈ ಕರಾವಳಿಯವರೇ ಅಲ್ವಾ? ಅವರಿಗೆ ಇದು ಅರ್ಥವಾಗುತ್ತದೆ. ಬೆಂಚಿನಲ್ಲಿರುವ ಔಟ್‌ಫೀಲ್ಡರ್ ಸುಮ್ನೆ ಕೂತಿರುವುದಿಲ್ಲ. ಐದನೇ, ಆರನೇ ಇನ್ನಿಂಗ್ಸ್ ಬಂದಾಗ ಒಳಗಿನ ನೆಟ್ಟಿಗೆ ಹೋಗಿ ಬ್ಯಾಟ್ ಬೀಸಿ ಮೈ ಬಿಸಿ ಮಾಡಿಕೊಳ್ಳುತ್ತಾನೆ. ಎದುರಿನ ತಂಡದಲ್ಲಿ ಇನ್ನು ಯಾವ ಪಿಚರ್ ಉಳಿದಿದ್ದಾನೆ, ಅವನ ಮೊದಲ ಎಸೆತ ಹೇಗಿರುತ್ತದೆ ಅಂತ ವಿಡಿಯೋ ನೋಡಿಟ್ಟುಕೊಂಡಿರುತ್ತಾನೆ. ಒಂದೇ ಒಂದು ಸರದಿಗೆ ಮೂರು ಗಂಟೆ ತಯಾರಿ.

ಹುಡುಗ ಮೇಲೆ ಹೋದರೆ ಸಿಗುವ ದುಡ್ಡಿನ ಮಾತು. ಇದನ್ನು ಅಕ್ಕನಿಗೆ ಬಿಡಿಸಿ ಹೇಳಿ. ಮೇಜರ್ ಲೀಗಿನ ಅತಿ ಕಡಿಮೆ ಸಂಬಳ 2025ರಲ್ಲಿ ವರ್ಷಕ್ಕೆ 7,60,000 ಡಾಲರ್. ನಮ್ಮ ಲೆಕ್ಕದಲ್ಲಿ ಆರು ಕೋಟಿಗೂ ಮೇಲೆ. 172 ದಿನ ತಂಡದ ಪಟ್ಟಿಯಲ್ಲಿದ್ದರೆ ಒಂದು ವರ್ಷದ ಸೇವೆ ಅಂತ ಲೆಕ್ಕ. 43 ದಿನ ಆದರೆ ಪಿಂಚಣಿಗೆ ಹಕ್ಕು ಬರುತ್ತದೆ. ಇದರಲ್ಲಿ ಬೆಂಚಿನಲ್ಲಿದ್ದ ದಿನವೂ ಒಂದು ದಿನವೇ, ಆಡಿದ ದಿನವೂ ಒಂದು ದಿನವೇ. ಮೂರು ವರ್ಷದ ಸೇವೆ ಆದ ಮೇಲೆ ಸಂಬಳಕ್ಕೆ ವಾದ ಮಾಡಬಹುದು. ಆರು ವರ್ಷ ಆದರೆ ಬೇಕಾದ ತಂಡಕ್ಕೆ ಹೋಗಬಹುದು. ಆದರೆ ಒಂದು ಕಹಿ ಸತ್ಯವೂ ಇದೆ. ಸಂಬಳದ ವಾದದಲ್ಲಿ ಹೋಮ್ ರನ್ ಎಷ್ಟು, ಎಷ್ಟು ಸಲ ಆಡಿದ ಅಂತ ಎಣಿಸುತ್ತಾರೆ. ಅರ್ಧ ಆಡಿದವನ ಲೆಕ್ಕ ಅಲ್ಲಿ ಕಡಿಮೆಯಾಗಿಯೇ ಕಾಣುತ್ತದೆ.

ಹುಡುಗ ಎಡಗೈ ಬ್ಯಾಟರ್ ಆಗಿರುವುದು ದೊಡ್ಡ ಅನುಕೂಲ. ಪಿಚರುಗಳಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬಲಗೈಯವರೇ. ಹಾಗಾಗಿ ಜಾಗದ ದೊಡ್ಡ ಪಾಲು ಅವನದ್ದು, ಸಣ್ಣ ಪಾಲು ಬಲಗೈ ಜೊತೆಗಾರನದ್ದು. ಆ ಬಲಗೈಯವನ ಕಷ್ಟ ಇನ್ನೂ ಜಾಸ್ತಿ. ಒಂದು ತಂಡದ ಪಟ್ಟಿಯಲ್ಲಿ 26 ಜನ. ಅದರಲ್ಲಿ ಸಾಮಾನ್ಯವಾಗಿ 13 ಪಿಚರುಗಳು. ಉಳಿದ 13ರಲ್ಲಿ 9 ಜನ ಆ ದಿನ ಬ್ಯಾಟಿಂಗಿಗೆ. ಬೆಂಚಿಗೆ ನಾಲ್ಕೇ ಜನ, ಅದರಲ್ಲೂ ಒಬ್ಬ ಎರಡನೇ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರದವನು) ಬೇಕೇ ಬೇಕು. ಉಳಿದ ಮೂರು ಜಾಗದಲ್ಲಿ ಇರುವವನು ಬರೀ ಬ್ಯಾಟ್ ಹಿಡಿದರೆ ಸಾಲದು. ನಿಮ್ಮ ಹುಡುಗನಿಗೂ ಈ ಲೆಕ್ಕ ಅನ್ವಯಿಸುತ್ತದೆ. ಲೆಫ್ಟ್ ಫೀಲ್ಡ್ ಒಂದೇ ಸಾಲದು. ಸೆಂಟರ್, ರೈಟ್ ಎಲ್ಲ ಕಡೆ ನಿಲ್ಲಲು ಬರಬೇಕು. ಫಸ್ಟ್ ಬೇಸ್, ಅಂದರೆ ಬ್ಯಾಟರ್ ಓಡಿ ಮೊದಲು ಮುಟ್ಟುವ ಜಾಗ, ಅಲ್ಲಿ ನಿಲ್ಲಲು ಬೇಕಾದ ಗ್ಲೌಸ್ ಒಂದನ್ನೂ ಚೀಲದಲ್ಲಿ ಇಟ್ಟುಕೊಳ್ಳಲಿ.

ಅವನ ಮೌನದ ಬಗ್ಗೆ ಬರೆದಿದ್ದೀರಿ. ಕಾರಣ ನಾನು ಊಹಿಸಬಲ್ಲೆ. ಅರ್ಧ ಆಡುವವನಿಗೆ ತಪ್ಪು ಮಾಡಲು ಜಾಗ ಕಡಿಮೆ. ಲೆಕ್ಕ ನೋಡಿ. 150 ಸಲ ಬ್ಯಾಟ್ ಬೀಸಲು ಸಿಕ್ಕಿ 40 ಹಿಟ್ ಬಂದರೆ ಸರಾಸರಿ .267, ಒಳ್ಳೆಯ ಆಟಗಾರ. 34 ಬಂದರೆ .227, ಕೆಳಗೆ ಕಳಿಸಿ ಅನ್ನುತ್ತಾರೆ. ನಡುವೆ ಇರುವುದು ಬರೀ ಆರು ಹಿಟ್. ಆರು ಚೆಂಡು ಒಂದೊಂದು ಅಡಿ ಆಚೆ ಬಿದ್ದಿದ್ದರೆ ಸಾಕಿತ್ತು. ದಿನಾ ಆಡುವವನಿಗೆ ಮರುದಿನ ಮತ್ತೆ ನಾಲ್ಕು ಸರದಿ ಇರುತ್ತದೆ, ಕೆಟ್ಟ ದಿನ ಮರೆತುಹೋಗುತ್ತದೆ. ಇವನು ಒಂದು ಕೆಟ್ಟ ಸರದಿಯನ್ನು ಮೂರು ದಿನ ತಲೆಯಲ್ಲಿ ಹೊತ್ತುಕೊಂಡು ಕೂತಿರಬೇಕು. ಇದೇ ಈ ಕೆಲಸದ ದೊಡ್ಡ ಭಾರ. ಫೋನ್ ಮಾಡಿದಾಗ "ಇವತ್ತು ಆಡಿದೆಯಾ" ಅಂತ ಕೇಳಬೇಡಿ ಅಂತ ಅಕ್ಕನಿಗೆ ಹೇಳಿ. ಊಟ ಏನು ಮಾಡಿದೆ ಅಂತ ಕೇಳಲಿ.

ಬಿಡಬೇಕಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ: ಈಗ ಬೇಡ. 26 ಅಂದರೆ ಬಾಗಿಲ ಹತ್ತಿರ ಬಂದು ನಿಂತ ವಯಸ್ಸು. ಆದರೆ ಒಂದು ಕೆಲಸ ಅವನು ಇದೇ ವರ್ಷ ಮಾಡಲಿ. ತನ್ನ ಮ್ಯಾನೇಜರ್ ಹತ್ತಿರ ಹೋಗಿ, ಎಡಗೈ ಪಿಚರ್ ಎದುರು ಕೂಡ ಆಗೊಮ್ಮೆ ಈಗೊಮ್ಮೆ ಆಡಿಸಿ ಅಂತ ಕೇಳಲಿ. ಕೆಳಗಿನ ಹಂತದಲ್ಲಿ ಕೇಳಿದರೆ ಸಿಗಬಹುದು, ಮೇಲೆ ಹೋದ ಮೇಲೆ ಕಷ್ಟ. 2020ರಿಂದ ಇನ್ನೊಂದು ನಿಯಮ ಬಂದಿದೆ. ಮೇಜರ್ ಲೀಗಿನಲ್ಲಿ ಒಬ್ಬ ಪಿಚರ್ ಬಂದರೆ ಕಡಿಮೆಯೆಂದರೂ ಮೂರು ಬ್ಯಾಟರುಗಳಿಗೆ ಎಸೆಯಬೇಕು, ಇಲ್ಲವೇ ಆ ಇನ್ನಿಂಗ್ಸ್ ಮುಗಿಸಬೇಕು. ಒಬ್ಬನಿಗೆ ಅಂತ ಒಬ್ಬ ಎಡಗೈಯವನನ್ನು ತಂದು, ಕೂಡಲೇ ಬದಲಾಯಿಸುವ ಆಟ ಕಡಿಮೆಯಾಗಿದೆ. ಎರಡೂ ಕೈಯವರನ್ನು ಸ್ವಲ್ಪವಾದರೂ ಎದುರಿಸಬಲ್ಲವನಿಗೆ ಬೆಲೆ ಜಾಸ್ತಿ.

ತನ್ನ ಪಾಲಲ್ಲದ ದಿನವೂ ಕರೆ ಬರಬಹುದು. 2013ರಲ್ಲಿ ಬೋಸ್ಟನ್ ರೆಡ್ ಸಾಕ್ಸ್ ತಂಡದ ಲೆಫ್ಟ್ ಫೀಲ್ಡನ್ನು ಜಾನಿ ಗೋಮ್ಸ್ ಮತ್ತು ಡೇನಿಯಲ್ ನಾವಾ ಹಂಚಿಕೊಂಡಿದ್ದರು. ಗೋಮ್ಸ್ ಬಲಗೈ ಬ್ಯಾಟರ್. ವರ್ಲ್ಡ್ ಸೀರೀಸಿನ ನಾಲ್ಕನೇ ಪಂದ್ಯದ ದಿನ ಎದುರಿಗೆ ಬಲಗೈ ಪಿಚರ್, ಹಾಗಾಗಿ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಆಟಕ್ಕೆ ಸ್ವಲ್ಪ ಮುಂಚೆ ಅದೇ ತಂಡದ ಇನ್ನೊಬ್ಬ ಔಟ್‌ಫೀಲ್ಡರ್ ಶೇನ್ ವಿಕ್ಟೊರಿನೋಗೆ ಬೆನ್ನು ನೋವು ಬಂತು. ಗೋಮ್ಸ್ ಒಳಗೆ ಬಂದ. ಆರನೇ ಇನ್ನಿಂಗ್ಸಿನಲ್ಲಿ ಸ್ಕೋರು 1–1, ರನ್ ಗಳಿಸಲು ಕಾಯುತ್ತಾ ಬೇಸಿನಲ್ಲಿ ಇಬ್ಬರು, ಎಸೆಯುವವನು ಆಗಲೂ ಬಲಗೈಯವನೇ. ಗೋಮ್ಸ್ ಚೆಂಡನ್ನು ಬೇಲಿಯ ಆಚೆ ಹೊಡೆದ. ಬೋಸ್ಟನ್ 4–2ರಿಂದ ಗೆದ್ದಿತು, ಎರಡು ಪಂದ್ಯ ಆದ ಮೇಲೆ ಸೀರೀಸನ್ನೂ ಗೆದ್ದಿತು. ಈ ಪಂದ್ಯದ ವಿಡಿಯೋ ಹುಡುಗ ನೋಡಿಯೇ ಇರುತ್ತಾನೆ. ಭಾವ ನೋಡಲಿ.

ಅಕ್ಕ ಬಂದಾಗ ಉಡುಪಿಯ ಅಜ್ಜರಕಾಡಿನ ಕಡೆ ಕರೆದುಕೊಂಡು ಬನ್ನಿ. ಬಾಲ್ಟಿಮೋರಿನ ಆ ಸ್ಕೋರ್ ಕಾರ್ಡುಗಳಲ್ಲಿ ಮೂರು ಈಗಲೂ ನನ್ನ ಹತ್ತಿರ ಇವೆ. ಒಂದನ್ನು ಹುಡುಗನಿಗೆ ಕಳಿಸಿಕೊಡುತ್ತೇನೆ.

ನನ್ನ ಮಗನಿಗೆ 13 ವರ್ಷ. ಶಾಲೆಯ ಬೇಸ್‌ಬಾಲ್ ತಂಡದಲ್ಲಿದ್ದಾನೆ. ಬರೆಯುವುದು, ಎಸೆಯುವುದು ಬಲಗೈಯಲ್ಲಿ, ಬ್ಯಾಟ್ ಮಾತ್ರ ಎಡಗಡೆ. ಎದುರಿನ ತಂಡದಲ್ಲಿ ಎಡಗೈ ಹುಡುಗ ಎಸೆಯುವ ದಿನ ಕೋಚ್ ಇವನನ್ನು ಕೂರಿಸುತ್ತಾರೆ. ಅಮೆರಿಕದಲ್ಲೂ ಹೀಗೇ ಮಾಡುತ್ತಾರೆ ಅಂತ ಹೇಳುತ್ತಾರೆ. ಮಗ ಅಳುತ್ತಾನೆ. ಕೋಚ್ ಹೇಳುವುದು ಸರಿಯಾ?
– ಒಬ್ಬ ತಾಯಿ, ಬ್ರಹ್ಮಾವರ

ಸರಿಯಲ್ಲ. ಈ ಪುಟದ ಎಲ್ಲ ಉತ್ತರಗಳಲ್ಲಿ ಇದನ್ನೇ ನಾನು ಹೆಚ್ಚು ಗಟ್ಟಿಯಾಗಿ ಹೇಳುತ್ತೇನೆ.

ಅಮೆರಿಕದಲ್ಲಿ ಹೀಗೆ ಮಾಡುವುದು ದೊಡ್ಡವರಿಗೆ. ವರ್ಷಕ್ಕೆ 162 ಪಂದ್ಯ ಆಡಿ, ಸಂಬಳ ತೆಗೆದುಕೊಂಡು, ಸಾವಿರಾರು ಸಲ ಎಡಗೈ ಪಿಚರ್ ಎದುರು ನಿಂತು, ಇಷ್ಟೇ ಸಾಧ್ಯ ಅಂತ ಗೊತ್ತಾದವರಿಗೆ. 13 ವರ್ಷದ ಹುಡುಗನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಯಾರಿಗೆ ಗೊತ್ತು? ಅವನಿಗೆ ಎಡಗೈ ಎಸೆತ ಕಷ್ಟ ಅಂದರೆ ಅದನ್ನೇ ಜಾಸ್ತಿ ಆಡಿಸಬೇಕು. ಕೂರಿಸಿದರೆ ಕಷ್ಟ ಹಾಗೆಯೇ ಉಳಿಯುತ್ತದೆ. ಆಮೇಲೆ ಬರಲಿಲ್ಲ ಅಂತ ಅವನನ್ನೇ ದೂರುವುದು ನ್ಯಾಯವಲ್ಲ. ಒಂದು ಪಂದ್ಯ ಸೋತರೆ ಸೋಲಲಿ.

ಬಲಗೈಯಲ್ಲಿ ಎಸೆದು ಎಡಗಡೆ ಬ್ಯಾಟ್ ಮಾಡುವುದರಲ್ಲಿ ಏನೂ ತಪ್ಪಿಲ್ಲ. ಮೇಲೆ ಹೇಳಿದ ಲೋವೆನ್‌ಸ್ಟೈನ್ ಕೂಡ ಹಾಗೆಯೇ. ಎಡಗಡೆ ನಿಂತವನು ಫಸ್ಟ್ ಬೇಸಿಗೆ ಒಂದೆರಡು ಹೆಜ್ಜೆ ಹತ್ತಿರವೂ ಇರುತ್ತಾನೆ. ಮಗನಿಗೆ ಇಷ್ಟವಿದ್ದರೆ ಈ ವಯಸ್ಸಿನಲ್ಲಿ ಬಲಗಡೆಯಿಂದಲೂ ಬ್ಯಾಟ್ ಬೀಸಲು ಕಲಿಯಬಹುದು. ಯಾಂಕೀಸ್ ತಂಡದ ಮಿಕ್ಕಿ ಮ್ಯಾಂಟಲ್ ಹಾಗೆ ಕಲಿತವನು. ಅಪ್ಪ ಬಲಗೈಯಲ್ಲಿ ಎಸೆಯುತ್ತಿದ್ದರು, ಅಜ್ಜ ಎಡಗೈಯಲ್ಲಿ. ಹುಡುಗ ಎರಡೂ ಕಡೆ ನಿಂತು ಹೊಡೆಯುತ್ತಿದ್ದ. ಮುಂದೆ ಸ್ಟೆಂಗೆಲ್ ತಂಡದಲ್ಲಿ ಬಾಯರ್, ವುಡ್ಲಿಂಗ್ ಜಾಗ ಹಂಚಿಕೊಂಡು ಆಡುವಾಗ, 1952ರಿಂದ ಸೆಂಟರ್ ಫೀಲ್ಡಿನಲ್ಲಿ ದಿನಾ ನಿಲ್ಲುತ್ತಿದ್ದವನು ಈ ಮ್ಯಾಂಟಲ್. ಆದರೆ ಒತ್ತಾಯ ಬೇಡ. ಎರಡು ತಿಂಗಳು ಮಾಡಿ ನೋಡಲಿ, ಬೇಡವಾದರೆ ಬಿಡಲಿ.

ಕೋಚ್ ಹತ್ತಿರ ಜಗಳ ಮಾಡಬೇಡಿ. ಅವರೂ ತಂಡ ಗೆಲ್ಲಲಿ ಅಂತಲೇ ಮಾಡುತ್ತಿರುವುದು. ಈ ಪುಟವನ್ನು ಅವರಿಗೆ ಓದಲು ಕೊಡಿ. "ಮುಂದಿನ ಸಲ ಎಡಗೈ ಹುಡುಗ ಬಂದಾಗ ಇವನಿಗೆ ಎರಡು ಸರದಿ ಕೊಡಿ ಸರ್, ಅಷ್ಟೇ" ಅಂತ ಕೇಳಿ.

ಬ್ರಹ್ಮಾವರದಿಂದ ಉಡುಪಿ ದೂರವೇನಲ್ಲ. ಶನಿವಾರ ಸಂಜೆ ಐದಕ್ಕೆ ನಾವು ಒಂಬತ್ತು ಹತ್ತು ಜನ ಮೈದಾನದಲ್ಲಿ ಇರುತ್ತೇವೆ. ಅದರಲ್ಲಿ ಒಬ್ಬ ಮಲ್ಪೆಯ ಹುಡುಗ, ಎಡಗೈಯಲ್ಲಿ ಎಸೆಯುತ್ತಾನೆ, ಎಷ್ಟು ಎಸೆದರೂ ಸುಸ್ತಾಗುವುದಿಲ್ಲ. ನಿಮ್ಮ ಮಗನಿಗೆ ಅವನ ಕೈಯಿಂದ ದಿನಕ್ಕೆ ಐವತ್ತು ಎಸೆತ ಹಾಕಿಸುತ್ತೇನೆ. ಬರುವಾಗ ಹೆಲ್ಮೆಟ್ ತನ್ನಿ.